ಬಟ್ಟಲು ಖಾಲಿಯಾದರೆ ಊಟ ಮುಗಿದಂತಲ್ಲ: ಹ್ಯಾಮ್‌ಸ್ಟರ್ ಆಹಾರದ ಟಿಪ್ಪಣಿ

ಹ್ಯಾಮ್‌ಸ್ಟರ್ ಸಾಕಲು ಈಗಷ್ಟೇ ಕಲಿಯುತ್ತಿದ್ದೀರಾ? ಹಾಗಾದರೆ ಮೊದಲು ಇದನ್ನು ಬರೆದುಕೊಳ್ಳಿ. ಬಟ್ಟಲು ಖಾಲಿ ಆಯಿತು ಅಂದರೆ ಅದು ತಿಂದಿದೆ ಅಂತಲ್ಲ. ಎತ್ತಿಕೊಂಡು ಹೋಗಿದೆ, ಅಷ್ಟೇ. ಇದು ನನ್ನ ತಲೆಗೆ ಹತ್ತಲು ಎರಡು ತಿಂಗಳು ಬೇಕಾಯಿತು.

ನಮ್ಮ ಮನೆಯದು ಸಿರಿಯನ್ ಹ್ಯಾಮ್‌ಸ್ಟರ್, ಹೆಸರು ಕಡ್ಲೆ. ರಾತ್ರಿ ಹತ್ತೂವರೆ ಹೊತ್ತಿಗೆ ಏಳುತ್ತದೆ. ಕಾಳು ಹಾಕಿದ ಹತ್ತೇ ನಿಮಿಷಕ್ಕೆ ಬಟ್ಟಲು ಬರಿದು. "ಪಾಪ, ಹಸಿದಿದೆ ಕಣೋ, ಇನ್ನೊಂದಿಷ್ಟು ಹಾಕು" ಅಂತ ಅಮ್ಮ. ನಾನೂ ಹಾಕುತ್ತಿದ್ದೆ. ಒಂದು ಭಾನುವಾರ ಗೂಡು ತೊಳೆಯಲು ಅದು ಮಲಗುವ ಮರದ ಪೆಟ್ಟಿಗೆ ಎತ್ತಿದೆ. ಕೆಳಗೆ ಎರಡು ಮುಷ್ಟಿ ಕಾಳು! ಒಂದು ಮೂಲೆಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆಯ ರಾಶಿ. ಇನ್ನೊಂದು ಮೂಲೆಯಲ್ಲಿ ಹಲ್ಲೇ ತಾಗದ ಪೆಲೆಟ್‌ಗಳು, ಅಂದರೆ ಒತ್ತಿ ಮಾಡಿದ ಆಹಾರದ ಗುಳಿಗೆಗಳು. ನಡುವೆ ಬೂಷ್ಟು ಹಿಡಿದ ಸೌತೆಕಾಯಿ ಹೋಳು.

ಬಟ್ಟಲಲ್ಲಿ ಕಾಣದ ಮೂರು ವಿಷಯ ಆ ರಾಶಿಯಲ್ಲಿ ಕಂಡವು. ನಾನು ಜಾಸ್ತಿ ಹಾಕುತ್ತಿದ್ದೆ. ಅದು ಬೇಕಾದ್ದನ್ನು ಮಾತ್ರ ಆರಿಸಿ ತಿನ್ನುತ್ತಿತ್ತು. ಹಸಿ ತರಕಾರಿ ಅಲ್ಲೇ ಕೊಳೆಯುತ್ತಿತ್ತು.

ಹ್ಯಾಮ್‌ಸ್ಟರ್ ಯಾಕೆ ಹೀಗೆ ಮಾಡುತ್ತದೆ? ಅದರ ಎರಡೂ ಕೆನ್ನೆಯೊಳಗೆ ಚೀಲಗಳಿವೆ. ಅವು ಭುಜದ ಹಿಂದಿನವರೆಗೂ ಹಿಗ್ಗುತ್ತವೆ. ಜರ್ಮನ್ ಭಾಷೆಯಲ್ಲಿ 'ಹಾಮ್‌ಸ್ಟರ್ನ್' ಅಂದರೆ ಕೂಡಿಡುವುದು. ಈ ಪ್ರಾಣಿಯ ಹೆಸರಿನಿಂದಲೇ ಬಂದ ಮಾತು. ಚೀಲ ಖಾಲಿ ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಮುಂಗಾಲುಗಳನ್ನು ಕೆನ್ನೆಯ ಹಿಂಭಾಗಕ್ಕೆ ಇಟ್ಟು ಮುಂದಕ್ಕೆ ಒತ್ತುತ್ತದೆ. ಬೀಜಗಳು ಒಂದೊಂದಾಗಿ ಬಾಯಿಂದ ಉದುರುತ್ತವೆ. ಒಂದು ರಾತ್ರಿ ಎಣಿಸಿದೆ. ಕಡ್ಲೆ ಒಂದೇ ಸಲಕ್ಕೆ 22 ಸೂರ್ಯಕಾಂತಿ ಬೀಜ ಉದುರಿಸಿತು.

ಇದು ದುರಾಸೆ ಅಲ್ಲ. ಅದರ ಮೂಲ ಊರು ಸಿರಿಯಾದ ಅಲೆಪ್ಪೊ ಸುತ್ತಲಿನ ಒಣ ಬಯಲು. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲ್ಲಿನ ಹೊಲವೊಂದರ ಬಿಲ ಅಗೆಸಿ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿದರು. ಇವತ್ತು ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಹೆಚ್ಚಾಗಿ ಆ ಸಂಸಾರದ ಸಂತತಿ. ಬೆಳೆ ಇದ್ದಾಗ ಕೂಡಿಟ್ಟರೆ ಮಾತ್ರ ಆ ಬಯಲಿನಲ್ಲಿ ಬದುಕಬಹುದು. ಹಾಗಾಗಿ ಅದು ಬಚ್ಚಿಟ್ಟಿದ್ದನ್ನೆಲ್ಲ ನಾವು ಎತ್ತಿ ಬಿಸಾಡಬಾರದು. ಒಣ ಕಾಳು ಒಂದಿಷ್ಟು ಅಲ್ಲೇ ಬಿಡಿ, ಇಲ್ಲದಿದ್ದರೆ ಕಂಗಾಲಾಗುತ್ತದೆ. ಹಸಿ ತುಂಡುಗಳನ್ನು ಮಾತ್ರ ದಿನಾ ಹುಡುಕಿ ತೆಗೆಯಿರಿ.

ಇನ್ನು ಅಳತೆ. ದೊಡ್ಡ ಸಿರಿಯನ್ ಹ್ಯಾಮ್‌ಸ್ಟರ್‌ಗೆ ದಿನಕ್ಕೆ ಸುಮಾರು 10ರಿಂದ 12 ಗ್ರಾಂ ಒಣ ಆಹಾರ ಸಾಕು. ಕುಬ್ಜ ಜಾತಿಯವಕ್ಕೆ ಹೆಚ್ಚುಕಡಿಮೆ ಅದರ ಅರ್ಧ. ಅಡುಗೆಮನೆ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ಎಷ್ಟು ಕಮ್ಮಿ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಅದೇ ತಕ್ಕಡಿಯ ಮೇಲೆ ಒಂದು ಡಬ್ಬಿ ಇಟ್ಟು ವಾರಕ್ಕೊಮ್ಮೆ ಹ್ಯಾಮ್‌ಸ್ಟರನ್ನೂ ತೂಗಿ, ಪುಸ್ತಕದಲ್ಲಿ ಬರೆದಿಡಿ. ಕಡ್ಲೆ ಎರಡೇ ತಿಂಗಳಲ್ಲಿ 130ರಿಂದ 165 ಗ್ರಾಂ ಆಗಿತ್ತು. ಕಣ್ಣಿಗೆ ಮಾತ್ರ ಒಂಚೂರೂ ಗೊತ್ತಾಗಿರಲಿಲ್ಲ.

ಏನು ಹಾಕಬೇಕು ಅನ್ನುವುದು ಇದಕ್ಕಿಂತ ಮುಖ್ಯ. ನಾನು ಮೊದಲು ಹೋದ ಅಂಗಡಿಯಲ್ಲಿ "ಬರೀ ಸೂರ್ಯಕಾಂತಿ ಬೀಜ ಹಾಕಿ, ಖುಷಿಯಾಗಿರುತ್ತೆ" ಎಂದಿದ್ದರು. ಆ ಬೀಜದಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ದಿನಕ್ಕೆ ಒಂದೆರಡು ಬೀಜ ಕೈಯಿಂದ ಕೊಡಲು ಚೆನ್ನ, ಹೊಟ್ಟೆ ತುಂಬಿಸಲು ಅಲ್ಲ. ಮುಖ್ಯ ಊಟ ಹ್ಯಾಮ್‌ಸ್ಟರ್‌ಗೆಂದೇ ಮಾಡಿದ ಪೆಲೆಟ್ ಅಥವಾ ಒಳ್ಳೆಯ ಕಾಳಿನ ಮಿಶ್ರಣ ಆಗಿರಲಿ. ಪ್ಯಾಕೆಟ್ ಮೇಲೆ ಪ್ರೋಟೀನ್ ನೂರಕ್ಕೆ 16ರಿಂದ 20ರೊಳಗೆ ಇದೆಯಾ ನೋಡಿ. ಜೊತೆಗೆ ನಮ್ಮ ನವಣೆ, ಸಜ್ಜೆ ಸ್ವಲ್ಪ ಹಾಕಬಹುದು, ಹುರಿಯದೆ, ಉಪ್ಪು ಹಾಕದೆ. ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಕಡಲೆಕಾಳಿನಷ್ಟು ಚೂರು ಕೊಟ್ಟರೂ ನಡೆಯುತ್ತದೆ.

ಒಂದೇ ಕಾಳಿನ ಮೇಲೆ ಬದುಕಿದರೆ ಏನಾಗುತ್ತದೆ ಅನ್ನುವುದಕ್ಕೆ ಫ್ರಾನ್ಸ್‌ನಲ್ಲಿ ಒಂದು ಕಾಡು ಉದಾಹರಣೆ ಇದೆ. ಅಲ್ಸಾಸ್ ಪ್ರಾಂತ್ಯದ ಹೊಲಗಳೆಲ್ಲ ಮೆಕ್ಕೆಜೋಳವೇ ಆದ ಮೇಲೆ ಅಲ್ಲಿನ ಯುರೋಪಿಯನ್ ಹ್ಯಾಮ್‌ಸ್ಟರ್‌ಗಳು ಕಮ್ಮಿಯಾಗುತ್ತಾ ಬಂದವು. ಸ್ಟ್ರಾಸ್‌ಬರ್ಗ್ ಸಂಶೋಧಕರು ಇದನ್ನು ಪ್ರಯೋಗ ಮಾಡಿ ನೋಡಿ 2017ರಲ್ಲಿ ಪ್ರಕಟಿಸಿದರು. ಮೆಕ್ಕೆಜೋಳವನ್ನೇ ನೆಚ್ಚಿದ ಆಹಾರ ತಿಂದ ತಾಯಂದಿರು ಆಗತಾನೆ ಹುಟ್ಟಿದ ಮರಿಗಳನ್ನು ಜೀವಂತವಾಗಿಯೇ ತಿಂದುಬಿಟ್ಟವು. ಕಾರಣ ವಿಟಮಿನ್ ಬಿ3 ಕೊರತೆ. ಅದನ್ನು ಸೇರಿಸಿ ಕೊಟ್ಟಾಗ ಮರಿಗಳು ಉಳಿದವು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹೊಟ್ಟೆ ತುಂಬಿತ್ತು, ಆದರೂ ಆ ತಾಯಂದಿರ ಮೈಗೆ ಬೇಕಾದ್ದು ಸಿಕ್ಕಿರಲಿಲ್ಲ.

ಈಗ ನಾನು ಮಾಡುವುದು ಇಷ್ಟು. ತೂಗಿದ ಆಹಾರವನ್ನು ರಾತ್ರಿ ಒಂದೇ ಸಲ ಹಾಕುತ್ತೇನೆ. ಮಾರನೇ ಸಂಜೆ ಬಚ್ಚಿಟ್ಟ ಜಾಗ ನೋಡುತ್ತೇನೆ. ಪೆಲೆಟ್ ಮಾತ್ರ ಉಳಿದಿದ್ದರೆ ಹೊಸ ಬೀಜ ಇಲ್ಲ. ಅದು ಖರ್ಚಾಗುವವರೆಗೆ ಕಾಯುತ್ತೇನೆ. ಅಮ್ಮನಿಗೂ ಆ ಮೂಲೆ ತೋರಿಸಿದೆ. ಈಗ "ಪಾಪ" ಅನ್ನುವ ಮೊದಲು ಅವರೇ ಪೆಟ್ಟಿಗೆ ಎತ್ತಿ ನೋಡುತ್ತಾರೆ.

ತರಕಾರಿ ಅಂದರೆ ಸೌತೆಕಾಯಿ, ಕ್ಯಾರೆಟ್, ಕೊತ್ತಂಬರಿ ಸೊಪ್ಪು. ಚೆನ್ನಾಗಿ ತೊಳೆದು ಉಗುರಿನಷ್ಟು ತುಂಡು ಕೊಡಿ. ಹೊಸದನ್ನು ಒಮ್ಮೆಲೇ ಜಾಸ್ತಿ ಕೊಟ್ಟರೆ ಭೇದಿ ಆಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ನಿಂಬೆ-ಕಿತ್ತಳೆ, ಚಾಕೊಲೇಟ್, ಹಸಿ ಆಲೂಗಡ್ಡೆ, ಹಸಿ ರಾಜ್ಮಾ ಬೇಡವೇ ಬೇಡ. ಬೆಲ್ಲ ಹಾಕಿದ ಚಿಕ್ಕಿಯಂಥ ಅಂಟು ತಿಂಡಿ ಕೆನ್ನೆ ಚೀಲದೊಳಗೆ ಸಿಕ್ಕಿಕೊಳ್ಳುತ್ತದೆ. ಕುಬ್ಜ ಜಾತಿಗಳಲ್ಲಿ, ಅದರಲ್ಲೂ ಕ್ಯಾಂಪ್‌ಬೆಲ್ ಜಾತಿಯಲ್ಲಿ, ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇದೆ. ಅವಕ್ಕೆ ಬಾಳೆ, ದ್ರಾಕ್ಷಿಯಂಥ ಸಿಹಿ ಹಣ್ಣನ್ನೂ ಕೊಡದಿರುವುದೇ ಒಳ್ಳೆಯದು.

ನೀರು 100 ಗ್ರಾಂ ಮೈತೂಕಕ್ಕೆ ದಿನಕ್ಕೆ ಸುಮಾರು 10 ಮಿಲಿ ಬೇಕು. ಬಾಟಲಿಯ ತುದಿಯ ಗುಂಡನ್ನು ದಿನಾ ಬೆರಳಲ್ಲಿ ಒತ್ತಿ ಹನಿ ಬರುತ್ತಾ ನೋಡಿ. ಎಷ್ಟೋ ಸಲ ಅದು ಕಟ್ಟಿಕೊಂಡಿರುತ್ತದೆ.

ಮುಂದಿನ ಹಲ್ಲು ಹಳದಿ ಇದ್ದರೆ ಹೆದರಬೇಡಿ, ಅದರ ಬಣ್ಣವೇ ಅದು. ಆದರೆ ಒಂದು ಕಡೆ ಕೆನ್ನೆ ಮಾರನೇ ದಿನವೂ ಊದಿಕೊಂಡೇ ಇದ್ದರೆ, ಬಾಲದ ಸುತ್ತ ಒದ್ದೆಯಾಗಿ ವಾಸನೆ ಬಂದರೆ, ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಕಾಯಬೇಡಿ. ಎಳೆಯ ಮರಿಗಳಲ್ಲಿ ಭೇದಿ ಒಂದೆರಡು ದಿನದಲ್ಲೇ ಜೀವ ತೆಗೆಯಬಹುದು. ಪಶುವೈದ್ಯರ ಹತ್ತಿರ ಹೋಗುವಾಗ ತೂಕ ಬರೆದ ಪುಸ್ತಕವನ್ನೂ, ಪೆಟ್ಟಿಗೆಯ ಕೆಳಗೆ ಸಿಕ್ಕಿದ್ದರಲ್ಲಿ ಒಂದು ಚಿಟಿಕೆಯನ್ನೂ ಪೊಟ್ಟಣ ಕಟ್ಟಿ ತೆಗೆದುಕೊಂಡು ಹೋಗಿ.