ಮೂವತ್ತು ಕಾರ್ಡು, ಒಂದು ಭಾನುವಾರ

ಪ್ರಶ್ನೆ: ಯುಗಾದಿಗೆ ನೆಂಟರಿಗೆಲ್ಲ ನಾವೇ ಮಾಡಿದ ಶುಭಾಶಯದ ಕಾರ್ಡ್ ಕಳಿಸಬೇಕು ಅಂತ ಆಸೆ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿದರೆ ಪರದೆ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಪ್ರಿಂಟ್ ಹಾಕಿಸಿ ಮಡಚಿದ ಮೇಲೆ ಅಂಗಡಿಯವರು ಹಂಚುವ ಪಾಂಪ್ಲೆಟ್ ಥರ ಆಗಿಬಿಡುತ್ತದೆ. ಮಡಿಕೆಯಲ್ಲಿ ಬಿರುಕು ಬೇರೆ. ಪೂರ್ತಿ ಕೈಯಲ್ಲೇ ಮಾಡೋಣ ಅಂದರೆ ಐದು ಕಾರ್ಡಿಗೇ ಸುಸ್ತು, ನಮಗೆ ಬೇಕಿರುವುದು ಮೂವತ್ತು. ಎರಡನ್ನೂ ಸೇರಿಸಿ ಮಾಡುವುದು ಹೇಗೆ?

ಉತ್ತರ: ಮನೆ ಮುಂದೆ ರಂಗೋಲಿ ಹಾಕುವ ಹಾಗೆ. ಮೊದಲು ಗೆರೆ, ಆಮೇಲೆ ಬಣ್ಣ. ಗೆರೆಯ ಕೆಲಸ ಯಂತ್ರಕ್ಕೆ ಕೊಡಿ, ಬಣ್ಣದ ಕೆಲಸ ನೀವು ಇಟ್ಟುಕೊಳ್ಳಿ. ಮೂವತ್ತರಲ್ಲೂ ಒಂದೇ ಥರ ಬರಬೇಕಾದ್ದು ಪ್ರಿಂಟ್ ಆಗಲಿ. ಒಂದೊಂದರಲ್ಲೂ ಬೇರೆಯಾಗಿದ್ದರೆ ಚೆಂದ ಅನ್ನಿಸುವುದು ಕೈಯಿಂದ ಬರಲಿ.

ಇದು ನನ್ನ ಉಪಾಯ ಏನಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ತಮ್ಮ ಸ್ನೇಹಿತ, ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಅವರಿಂದ ಒಂದು ಚಿತ್ರ ಬರೆಸಿ ಕಾರ್ಡ್ ಮಾಡಿಸಿದರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಎಂದು ಹೆಸರಾದದ್ದು ಅದೇ. ಅದರ ಗೆರೆಗಳು ಕಲ್ಲಚ್ಚಿನವು, ಬಣ್ಣ ತುಂಬಿದ್ದು ಕೈಯಲ್ಲಿ. ಯಾರಿಗೆ, ಯಾರಿಂದ ಎಂದು ಬರೆಯುವ ಜಾಗ ಖಾಲಿ ಬಿಟ್ಟಿದ್ದರು. ಒಂದಕ್ಕೆ ಒಂದು ಶಿಲಿಂಗ್. ಆ ಕಾಲಕ್ಕೆ ದುಬಾರಿಯೇ!

ಈಗ ನಮ್ಮ ಯುಗಾದಿಗೆ ಬರೋಣ. ಗೆರೆ ಎಲ್ಲಿಂದ ತರುವುದು? ಇಂಟರ್ನೆಟ್ಟಿನಿಂದ ಕಳಶ, ತೆಂಗಿನಕಾಯಿ, ಮಾವಿನ ತೋರಣ ಇಳಿಸಿಕೊಳ್ಳಬೇಡಿ. ಅದು ಎಲ್ಲರ ವಾಟ್ಸ್ಆ್ಯಪಿನಲ್ಲೂ ಬಂದಿರುತ್ತದೆ. ಪಾಂಪ್ಲೆಟ್ ಥರ ಕಾಣುವುದಕ್ಕೆ ಅರ್ಧ ಕಾರಣ ಅದೇ. ಬಹಳ ಮನೆಗಳಲ್ಲಿ ಒಂದು ಹಳೇ ನೋಟ್‌ಬುಕ್ ಇರುತ್ತದೆ, ಅಮ್ಮನದೋ ಅತ್ತೆಯದೋ. ಒಳಗೆ ಪೆನ್ಸಿಲಿನಲ್ಲಿ ಬಿಡಿಸಿದ ಚುಕ್ಕಿ ರಂಗೋಲಿ, ಪಕ್ಕದಲ್ಲಿ ‘9ರಿಂದ 5, ಸಂದುಚುಕ್ಕಿ’ ಅಂತ ಸಣ್ಣಗೆ ಬರೆದ ಲೆಕ್ಕ. ಅದನ್ನು ಹೊರಗೆ ತೆಗೆಯಿರಿ. ಅದಕ್ಕಿಂತ ಒಳ್ಳೇ ಡಿಸೈನ್ ಎಲ್ಲೂ ಸಿಗಲ್ಲ.

ನೋಟ್‌ಬುಕ್ಕಿನ ಪುಟವನ್ನೇ ಸ್ಕ್ಯಾನ್ ಮಾಡಿದರೆ ನೀಲಿ ಗೀಟುಗಳೂ ಬರುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾ ಕೂರುವುದಕ್ಕಿಂತ, ಮೇಲೆ ತೆಳು ಬಿಳಿ ಹಾಳೆ ಇಟ್ಟು ಕಪ್ಪು ಪೆನ್ನಿನಲ್ಲಿ ಇನ್ನೊಮ್ಮೆ ಬರೆಯಿರಿ. ಹತ್ತು ನಿಮಿಷದ ಕೆಲಸ. ಸ್ಕ್ಯಾನರ್ ಇಲ್ಲದಿದ್ದರೆ ಹಾಳೆಯನ್ನು ಕಿಟಕಿ ಪಕ್ಕ ಇಟ್ಟು, ಫೋನಿನ ನೆರಳು ಬೀಳದ ಹಾಗೆ ನೇರ ಮೇಲಿಂದ ಫೋಟೋ ತೆಗೆಯಿರಿ. ಆಮೇಲೆ ಫೋಟೋ ಎಡಿಟರಿನಲ್ಲಿ ಬೆಳಕು, ಕಾಂಟ್ರಾಸ್ಟ್ ಎರಡನ್ನೂ ಹೆಚ್ಚಿಸುತ್ತಾ, ಕಾಗದ ಪೂರ್ತಿ ಬಿಳಿ, ಗೆರೆ ಪೂರ್ತಿ ಕಪ್ಪು ಆಗುವ ತನಕ ಎಳೆಯಿರಿ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಅಂತ ಒಂದು ಸೌಲಭ್ಯ ಇದೆ. ಅದು ಫೋಟೋದೊಳಗಿನ ಗೆರೆಯನ್ನು ನಿಜವಾದ ಗೆರೆ ಮಾಡಿಕೊಡುತ್ತದೆ. ಮುಂದೆ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಅದು ಬೇಡ, ಫೋಟೋನೇ ಬಳಸುತ್ತೇನೆ ಅಂದರೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 105 × 148 ಮಿಲಿಮೀಟರಿನ ಕಾರ್ಡಿಗೆ 1240 × 1748 ಪಿಕ್ಸೆಲ್ ಬೇಕು. ಈಗಿನ ಯಾವ ಫೋನಿಗೂ ಇದು ಕಷ್ಟ ಅಲ್ಲ. ಅಂಗಡಿಗೆ ಕಳಿಸುವಾಗ ಮಾತ್ರ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಹೋದದ್ದನ್ನು ವಾಟ್ಸ್ಆ್ಯಪ್ ಕುಗ್ಗಿಸಿಬಿಡುತ್ತದೆ.

ಇನ್ನೊಂದು. ಗೆರೆ ಮೃದುವಾಗಿ ಕಾಣಲಿ ಅಂತ ಬೂದು ಬಣ್ಣ ಮಾಡಲು ಹೋಗಬೇಡಿ. ಜೆರಾಕ್ಸ್ ಅಂಗಡಿಯಲ್ಲಿರುವಂಥ ಲೇಸರ್ ಯಂತ್ರಕ್ಕೆ ಬೂದು ಗೊತ್ತಿಲ್ಲ. ಕಪ್ಪನ್ನೇ ಸಣ್ಣ ಸಣ್ಣ ಚುಕ್ಕಿ ಮಾಡಿ ಬೂದಿನ ಹಾಗೆ ತೋರಿಸುತ್ತದೆ, ಗೆರೆ ಜುಂಗು ಜುಂಗಾಗಿ ಬರುತ್ತದೆ. ಮೃದು ಬೇಕಾದರೆ ಗೆರೆ ತೆಳ್ಳಗಿರಲಿ, ಕಪ್ಪಾಗಿಯೇ ಇರಲಿ.

ಲೇಸರ್ ಅಂದೆ. ಇಲ್ಲೇ ನಾನು ಒಂದು ಸಲ ಎಡವಿದ್ದು. ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇದೆಯಲ್ಲ ಅಂತ ಇಪ್ಪತ್ನಾಲ್ಕು ಕಾರ್ಡು ಅದರಲ್ಲೇ ತೆಗೆದೆ. ಗೆರೆ ಚೂಪಾಗಿ ಬಂದಿತ್ತು. ಖುಷಿಯಲ್ಲಿ ಬ್ರಶ್ ಅದ್ದಿ ಮೊದಲ ಎಲೆಗೆ ಹಸಿರು ತುಂಬಿದೆ. ಗೆರೆ ಕಾಲು ಬಿಟ್ಟುಕೊಂಡು ಹಸಿರಿನೊಳಗೆ ನಡೆದು ಹೋಯಿತು. ಕಣ್ಣೆದುರೇ ಮಾವಿನೆಲೆ ಕೆಸರಿನ ಬಣ್ಣಕ್ಕೆ ತಿರುಗಿತು. ಇಂಕ್‌ಜೆಟ್ಟಿನ ಶಾಯಿ ಬಹಳ ಸಲ ನೀರಿನಲ್ಲಿ ಕರಗುವ ಬಣ್ಣ, ಒದ್ದೆ ಬ್ರಶ್ ತಾಗಿದರೆ ಮತ್ತೆ ಕರಗುತ್ತದೆ. ಜೆರಾಕ್ಸ್ ಅಂಗಡಿಯ ಯಂತ್ರದಲ್ಲಿ ಇರುವುದು ಶಾಯಿ ಅಲ್ಲ, ಟೋನರ್. ಅದು ಪ್ಲಾಸ್ಟಿಕ್ಕಿನಂಥ ನುಣುಪು ಪುಡಿ. ಬಿಸಿ ರೋಲರ್ ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ನೀರು ಹಾಕಿದರೂ ಅಲುಗುವುದಿಲ್ಲ. ಅಷ್ಟೇ ಅಲ್ಲ, ಗದ್ದೆಯ ಬದು ನೀರು ತಡೆದ ಹಾಗೆ ಆ ಗೆರೆ ಬಣ್ಣವನ್ನು ಸ್ವಲ್ಪ ಮಟ್ಟಿಗೆ ತನ್ನೊಳಗೇ ನಿಲ್ಲಿಸಿಕೊಳ್ಳುತ್ತದೆ. ಹಾಗಾಗಿ ನೀರಿನ ಬಣ್ಣ ತುಂಬುವುದಿದ್ದರೆ ಗೆರೆಯನ್ನು ಜೆರಾಕ್ಸ್ ಅಂಗಡಿಯಲ್ಲೇ ಹಾಕಿಸಿ. ಕಲರ್ ಪೆನ್ಸಿಲ್ ಆದರೆ ಮನೆಯ ಪ್ರಿಂಟರ್ ಸಾಕು.

ಅದೇ ಟೋನರ್ ನಿಮ್ಮ ಬಿರುಕಿಗೂ ಕಾರಣ. ಕಾಗದದ ಮೇಲೆ ಪದರವಾಗಿ ಕೂತಿರುವುದರಿಂದ ಮಡಚಿದಾಗ ಒಡೆದು ಉದುರುತ್ತದೆ, ಒಳಗಿನ ಬಿಳಿ ಕಾಣುತ್ತದೆ. ಮಡಿಕೆ ಬೀಳುವ ಜಾಗದ ಮೇಲೆ ಗಾಢ ಬಣ್ಣ ಹಾಯಿಸಲೇಬೇಡಿ. ಅಂಚುಗಳಲ್ಲೂ ಸುತ್ತ ಐದು ಮಿಲಿಮೀಟರ್ ಖಾಲಿ ಬಿಡಿ. ಬಹಳಷ್ಟು ಪ್ರಿಂಟರುಗಳು ಕಾಗದದ ಅಂಚಿನ ತನಕ ಹೋಗುವುದಿಲ್ಲ.

ಬಿರುಕಿಗೆ ಇನ್ನೊಂದು ಕಾರಣ ಇದೆ. ಅದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕಾಗದಕ್ಕೂ ಬಿದಿರಿನ ಹಾಗೆ ಒಂದು ದಿಕ್ಕಿರುತ್ತದೆ. ಕಾರ್ಖಾನೆಯಲ್ಲಿ ಕಾಗದ ಓಡುವ ದಿಕ್ಕಿಗೆ ನಾರುಗಳು ಸಾಲಾಗಿ ಮಲಗುತ್ತವೆ. ನಾರಿನ ಉದ್ದಕ್ಕೆ ಮಡಚಿದರೆ ಮಡಿಕೆ ಸಲೀಸು, ಅಡ್ಡಕ್ಕೆ ಮಡಚಿದರೆ ನಾರು ಮುರಿಯುತ್ತದೆ. ದಿಕ್ಕು ತಿಳಿಯಲು ಹಾಳೆಯನ್ನು ಮಡಚದೆ ಸುಮ್ನೆ ಬಾಗಿಸಿ ನೋಡಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆಗೇ ಮಡಿಕೆ. ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ನಾರು ಉದ್ದ ಬದಿಗೆ ಇರುತ್ತದೆ. ನಾವು ಮಾಡುವುದೇನು? ಎ4 ಹಾಳೆಯನ್ನು ಅಡ್ಡಕ್ಕೆ ಅರ್ಧ ಮಡಚಿ ದೊಡ್ಡ ಕಾರ್ಡ್ ಮಾಡುತ್ತೇವೆ. ಅಂದರೆ ನಾರಿಗೆ ಸರಿಯಾಗಿ ಅಡ್ಡ. ಬಿರುಕು ಬಿಡದೆ ಇನ್ನೇನು!

ಅದಕ್ಕೇ ನನ್ನ ಸಲಹೆ, ಕಾರ್ಡ್ ಸಣ್ಣದಿರಲಿ. ಒಂದು ಎ4 ಹಾಳೆಯಲ್ಲಿ ಎರಡು ಕಾರ್ಡ್. ಹಾಳೆಯನ್ನು ನಿಲ್ಲಿಸಿ ಇಟ್ಟುಕೊಂಡು, ಮಧ್ಯದಲ್ಲಿ ಮೇಲಿಂದ ಕೆಳಗೆ ಒಂದು ಮಡಿಕೆಯ ಗೆರೆ ಅಂದುಕೊಳ್ಳಿ. ಅದರ ಬಲಕ್ಕೆ ಮೇಲೊಂದು ರಂಗೋಲಿ, ಕೆಳಗೊಂದು ರಂಗೋಲಿ. ಎಡಭಾಗ ಖಾಲಿ, ಅದು ಕಾರ್ಡಿನ ಬೆನ್ನು. ಈಗ ಮಡಿಕೆ ಬೀಳುವುದು ಹಾಳೆಯ ಉದ್ದಕ್ಕೆ, ನಾರಿನ ಜೊತೆಗೆ. ಮೊದಲು ಹಾಳೆ ಪೂರ್ತಿ ಒಂದೇ ಸಲ ಮಡಿಕೆಗೆ ಗೀರು ಹಾಕಿ, ಆಮೇಲೆ ಅಡ್ಡಕ್ಕೆ ಎರಡು ತುಂಡು ಮಾಡಿದರೆ ಎರಡು ಕಾರ್ಡು. ಮೂವತ್ತಕ್ಕೆ ಹದಿನೈದೇ ಹಾಳೆ. ಹಾಳಾಗುವುದಕ್ಕೆ ಅಂತ ಮೂರು ಜಾಸ್ತಿ ಹಾಕಿಸಿ.

ಗೀರು ಹಾಕುವುದಕ್ಕೆ ಬೇರೆ ಉಪಕರಣ ಬೇಕಿಲ್ಲ. ಸ್ಟೀಲ್ ಸ್ಕೇಲ್ ಮತ್ತು ಇಂಕ್ ಮುಗಿದ ಬಾಲ್ ಪೆನ್. ಅಡಿಗೆ ಒಂದು ಪತ್ರಿಕೆ ಹಾಕಿ, ಸ್ಕೇಲ್ ಗಟ್ಟಿ ಹಿಡಿದು ಪೆನ್ನನ್ನು ಎರಡು ಸಲ ಎಳೆಯಿರಿ. ಕಾಗದ ಕತ್ತರಿಸಬಾರದು, ತಗ್ಗಾಗಬೇಕು ಅಷ್ಟೇ. ಗೀರು ಹಾಕುವುದು ಹೊರಮೈಗೆ, ಅಂದರೆ ರಂಗೋಲಿ ಇರುವ ಕಡೆಗೆ. ಮಡಚಿದಾಗ ಆ ತಗ್ಗು ಹೊರಗೆ, ಅದರ ಉಬ್ಬು ಒಳಗೆ ಬರಬೇಕು. ನೋಡಿದರೆ ತಿರುಗುಮುರುಗು ಅನ್ನಿಸುತ್ತದೆ, ಆದರೆ ಇದೇ ಸರಿ. ಕೊನೆಗೆ ಚಮಚದ ಬೆನ್ನಿನಿಂದ ಮಡಿಕೆಯನ್ನು ಒತ್ತಿ.

ಕಾಗದ ಯಾವುದು ಅಂತ ಕೇಳುತ್ತೀರಿ. ಅಂಗಡಿಯಲ್ಲಿ ಐವರಿ ಶೀಟ್ ಅಂತ ಕೇಳಿ, 220ರಿಂದ 250 ಜಿಎಸ್‌ಎಂ ಸಾಕು. ಮಾಮೂಲಿ ಜೆರಾಕ್ಸ್ ಹಾಳೆ 70ರಿಂದ 80 ಇರುತ್ತದೆ, ಅದರ ಮೂರು ಪಟ್ಟು ದಪ್ಪ ಅಂದುಕೊಳ್ಳಿ. ನುಣ್ಣಗೆ ಹೊಳೆಯುವ ಆರ್ಟ್ ಕಾರ್ಡ್ ಬೇಡವೇ ಬೇಡ. ಅದರ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ, ಜೆಲ್ ಪೆನ್ನಲ್ಲಿ ಬರೆದದ್ದು ಬೆರಳಿಗೆ ಬರುತ್ತದೆ. ಕೈಕಾಗದ ಚೆಂದ, ಆದರೆ ಅದರ ನಾರು ಉದುರುತ್ತದೆ ಅಂತ ಬಹಳ ಅಂಗಡಿಯವರು ಯಂತ್ರಕ್ಕೆ ಹಾಕಲು ಒಪ್ಪುವುದಿಲ್ಲ. ಅವರದೂ ತಪ್ಪಲ್ಲ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಹದಿನಾರು ಎ4 ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 250 ಜಿಎಸ್‌ಎಂನ ಒಂದು ಹಾಳೆ ಸುಮಾರು 15.6 ಗ್ರಾಂ, ನಮ್ಮ ಅರ್ಧ ಹಾಳೆಯ ಕಾರ್ಡ್ 8 ಗ್ರಾಂ ಒಳಗೆ. ಅಂಚೆಯಲ್ಲಿ ಪತ್ರದ ಮೊದಲ ದರ 20 ಗ್ರಾಂ ತನಕ. ಕವರ್ ಸೇರಿದರೂ ನೀವು ಅದರೊಳಗೇ ಇರುತ್ತೀರಿ. ದೊಡ್ಡ ಕಾರ್ಡ್ 300 ಜಿಎಸ್‌ಎಂನಲ್ಲಿ ಮಾಡಿದವರು ಬರೀ ಕಾರ್ಡಿಗೇ 18.75 ಗ್ರಾಂ ಮುಟ್ಟಿರುತ್ತಾರೆ. ಕವರ್ ಹಾಕಿದ ಕೂಡಲೇ ಹೆಚ್ಚಿಗೆ ಸ್ಟಾಂಪ್ ಹಚ್ಚಬೇಕು. ಅಂದಹಾಗೆ ಕವರ್ ಮೊದಲು ಕೊಳ್ಳಿ, ಕಾರ್ಡ್ ಆಮೇಲೆ ಮಾಡಿ. ಕಾರ್ಡಿಗಿಂತ ಕವರ್ ಎರಡೂ ಕಡೆ ಐದು ಮಿಲಿಮೀಟರಾದರೂ ದೊಡ್ಡದಿರಬೇಕು.

ಕನ್ನಡ ಅಕ್ಷರದ ವಿಷಯ. ‘ಯುಗಾದಿ ಹಬ್ಬದ ಶುಭಾಶಯಗಳು’ ಅಂತ ಹಾಕಿರುತ್ತೀರಿ, ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ‘ಹಬ್‌ಬದ’ ಆಗಿರುತ್ತದೆ, ಇಲ್ಲವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಒತ್ತಕ್ಷರ ಒಡೆಯುವುದು ಅಲ್ಲಿನ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬಾರದಿದ್ದಾಗ. ಇಂಗ್ಲಿಷ್ ರಾಶಿ ಆಗುವುದು ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದಾಗ. ಯೂನಿಕೋಡ್‌ನಲ್ಲೇ (ಫೋನಿನಲ್ಲಿ ಟೈಪ್ ಮಾಡುವ ಕನ್ನಡ ಅದೇ) ಟೈಪ್ ಮಾಡಿ, ಕೊಡುವಾಗ ಪಿಡಿಎಫ್ ಮಾಡಿ ಕೊಡಿ. ಪಿಡಿಎಫ್ ಒಳಗೆ ಫಾಂಟ್ ಜೊತೆಗೇ ಹೋಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ತಿರೋ ಕನ್ನಡ, ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ ಅಂತೆಲ್ಲ ಉಚಿತವಾಗಿ ಸಿಗುತ್ತವೆ. ಮಕ್ಕಳಿರುವ ಮನೆಗೆ ಬಾಲೂ ತಮ್ಮ ದುಂಡಗೆ ಮುದ್ದಾಗಿದೆ. ಹಿರಿಯರಿಗೆ ತಿರೋ, ಓದಲು ಹಾಯಾಗಿರುತ್ತದೆ. ಆದರೆ ನಿಮ್ಮ ಮನೆಯಲ್ಲಿ ಯಾರದಾದರೂ ಅಕ್ಷರ ದುಂಡಗಿದ್ದರೆ ಫಾಂಟ್ ಯಾಕೆ? ಅವರಿಂದಲೇ ಬರೆಸಿ, ರಂಗೋಲಿಯ ಜೊತೆಗೇ ಸ್ಕ್ಯಾನ್ ಮಾಡಿ.

ಬಣ್ಣ ತುಂಬುವಾಗ ಒಂದು ಕಾರ್ಡ್ ಪೂರ್ತಿ ಮುಗಿಸಿ ಇನ್ನೊಂದು ಹಿಡಿಯಬೇಡಿ. ಸುಸ್ತಾಗುವುದು ಅದಕ್ಕೇ. ಮೂವತ್ತನ್ನೂ ನೆಲದ ಮೇಲೆ ಹರಡಿ, ಎಲ್ಲದಕ್ಕೂ ಹಳದಿ ಮುಗಿಸಿ. ಮೂವತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ, ಆಗ ಹಸಿರು. ಬ್ರಶ್ಶಿನಲ್ಲಿ ನೀರು ಕಡಿಮೆ ಇರಲಿ. ಬಾಗಿದ ಕಾರ್ಡುಗಳನ್ನು ಒಣಗಿದ ಮೇಲೆ ದಪ್ಪ ಪುಸ್ತಕದ ಕೆಳಗೆ ರಾತ್ರಿ ಇಡಿ.

ಸಣ್ಣ ಮಕ್ಕಳು ಕೈ ಹಾಕುತ್ತೇವೆ ಅಂತ ಬಂದರೆ ಬೆಂಡೆಕಾಯಿ ಕೊಡಿ. ಅಡ್ಡ ಕೊಯ್ದರೆ ಹೂವಿನ ಅಚ್ಚು ಸಿದ್ಧ. ಶಾಲೆಯಲ್ಲಿ ಮಾಡಿದ್ದು ನೆನಪಿದೆ ಅಲ್ವಾ? ಕೊಯ್ದ ಕೂಡಲೇ ಒತ್ತಬೇಡಿ, ಲೋಳೆ ಇರುತ್ತದೆ. ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಬಿಟ್ಟು, ಪೋಸ್ಟರ್ ಕಲರ್ ಸವರಿದ ಒದ್ದೆ ಬಟ್ಟೆಗೆ ತಾಗಿಸಿ ಒತ್ತಿಸಿ. ಕಾರ್ಡಿನ ಬೆನ್ನಿನ ಖಾಲಿ ಜಾಗ ಅವರದು.

ನಾಲ್ಕು ಮೂಲೆಗೆ ಅರಿಶಿನ ಹಚ್ಚುವ ರೂಢಿ ಇದ್ದರೆ ಖಂಡಿತ ಹಚ್ಚಿ. ಆದರೆ ಅರಿಶಿನವನ್ನೇ ಬಣ್ಣವಾಗಿ ನೆಚ್ಚಬೇಡಿ, ಬಿಸಿಲಿಗೆ ಬೇಗ ಮಾಸುತ್ತದೆ. ಹಸಿ ಬೇವಿನ ಎಸಳು ಅಂಟಿಸುವುದೂ ಬೇಡ. ಕಾರ್ಡ್ ತಲುಪುವ ಹೊತ್ತಿಗೆ ಅದು ಕಂದು ಪುಡಿ. ಎಲೆ ಬೇಕೇ ಬೇಕು ಅಂದರೆ ಅರಳಿ ಎಲೆಯನ್ನು ಎರಡು ಮೂರು ವಾರ ನೀರಲ್ಲಿ ನೆನೆಹಾಕಿ. ವಾಸನೆ ಬರುತ್ತದೆ, ಬಕೆಟ್ ಹಿತ್ತಲಲ್ಲಿರಲಿ. ತಿರುಳು ಕೊಳೆತ ಮೇಲೆ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಟ್ಟಿ ತೊಳೆದರೆ ನರಗಳ ಬಲೆ ಮಾತ್ರ ಉಳಿಯುತ್ತದೆ. ಬಿಳಿ ಗೋಂದಿನಲ್ಲಿ ನೀರಿನ ಅಂಶ ಜಾಸ್ತಿ, ಕಾಗದ ಸುಕ್ಕಾಗುತ್ತದೆ. ಹಾಗಾಗಿ ಗ್ಲೂ ಸ್ಟಿಕ್ ಬಳಸಿ. ಮಣಿ, ಕನ್ನಡಿ, ದಪ್ಪ ಗುಂಡಿ ಎಲ್ಲ ಕೈಗೆ ಕೊಡುವ ಕಾರ್ಡಿಗಿರಲಿ. ಅಂಚೆಯ ಮೊಹರಿನ ಏಟಿಗೆ ಅವು ತಡೆಯುವುದಿಲ್ಲ.

ಒಳಗಿನ ಪುಟಗಳಲ್ಲಿ ಏನೂ ಪ್ರಿಂಟ್ ಮಾಡಬೇಡಿ. ಅಲ್ಲಿ ಬರೆಯಬೇಕಾದ್ದು ನೀವು. ಬರೀ ‘ಶುಭಾಶಯಗಳು’ ಬೇಡ, ಅದು ಹೊರಗೇ ಇದೆ. ‘ಅತ್ತೆ, ಹೋದ ವರ್ಷ ನೀವು ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿ ಮೊನ್ನೆ ತಾನೆ ಮುಗಿಯಿತು’ ಅಂತ ಒಂದು ಸಾಲು ಇರಲಿ. ಈ ಬರೆಯುವ ಕೆಲಸವನ್ನು ಎಲೆ ಅಂಟಿಸುವುದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಆಮೇಲಾದರೆ ಎಲೆಯ ಉಬ್ಬಿನ ಮೇಲೆ ಪೆನ್ ಕುಣಿಯುತ್ತದೆ, ಅತ್ತೆಯ ಹೆಸರೇ ಸೊಟ್ಟ ಬರುತ್ತದೆ.