ಫ್ರೀ ಡೇಟಾ ಕೊಟ್ರೆ ಯಾರಿಗೇನ್ ನಷ್ಟ?

ಬೆಸ್ಕಾಂನವ್ರು ನೀವು ಮಿಕ್ಸಿ ಹಾಕಿದ್ರಾ ಟಿವಿ ಹಾಕಿದ್ರಾ ಅಂತ ಕೇಳಲ್ಲ, ಯೂನಿಟ್ ಲೆಕ್ಕ ಹಾಕಿ ಬಿಲ್ ಕೊಡ್ತಾರೆ. ನೆಟ್ ನ್ಯೂಟ್ರಾಲಿಟಿನೂ ಇಷ್ಟೇ, ಇಂಟರ್ನೆಟ್ ಕಂಪನಿ ಡೇಟಾ ಎಷ್ಟಾಯ್ತು ಅಂತ ನೋಡ್ಲಿ, ಯಾವ ಆ್ಯಪ್‌ದು ಅಂತ ನೋಡಿ ರೇಟು ಸ್ಪೀಡು ಬದಲಾಯಿಸೋದು ಬೇಡ.

ಹಾಗೆ ನೋಡೋಕಾಗುತ್ತಾ ಅಂದ್ರೆ ಧಾರಾಳವಾಗಿ ಆಗುತ್ತೆ. ಫೋನಿಂದ ಹೊರಡೋ ಒಂದೊಂದು ಪ್ಯಾಕೆಟ್ (ಡೇಟಾದ ಚಿಕ್ಕ ತುಂಡು) ಮೇಲೂ ತಲುಪಬೇಕಾದ ಐಪಿ ಅಡ್ರೆಸ್, ಅಂದ್ರೆ ನೆಟ್ಟಲ್ಲಿನ ವಿಳಾಸ ಇರುತ್ತೆ, ಒಳಗಿರೋದು ಬೇರೆಯವ್ರು ಓದೋಕಾಗದ ಹಾಗೆ ಎನ್‌ಕ್ರಿಪ್ಟ್ ಆಗಿದ್ರೂ ಕನೆಕ್ಷನ್ ಶುರುವಾಗೋವಾಗ ಸೈಟಿನ ಹೆಸರು ಸಾಮಾನ್ಯವಾಗಿ ಬಯಲಲ್ಲೇ ಹೋಗುತ್ತೆ, ಅಷ್ಟಿದ್ರೆ ಸಾಕು, ಇದನ್ನ ನಿಧಾನ ಮಾಡು ಅದನ್ನ ಬಿಟ್ಬಿಡು ಅಂತ ರೂಲ್ ಬರೀಬಹುದು. ಅಮೆರಿಕದ ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟ್ 2007ರಲ್ಲಿ, ಫೈಲ್ ಹಂಚಿಕೊಳ್ಳೋಕೆ ಬಿಟ್‌ಟೊರೆಂಟ್ ಬಳಸೋರ ಕನೆಕ್ಷನ್‌ಗಳನ್ನ 'ಕನೆಕ್ಷನ್ ಮುಗೀತು' ಅನ್ನೋ ಸುಳ್ಳು ರೀಸೆಟ್ ಪ್ಯಾಕೆಟ್ ಕಳ್ಸಿ ಕತ್ತರಿಸ್ತಿತ್ತು.

ತಡೆದ್ರೆ ಜನ ಕೂಗಾಡ್ತಾರೆ, ಫ್ರೀ ಕೊಟ್ರೆ ಯಾರ್ ಕೂಗಾಡ್ತಾರೆ ಹೇಳಿ? 2015ರ ಏಪ್ರಿಲ್‌ನಲ್ಲಿ ಏರ್‌ಟೆಲ್ ಝೀರೋ ಬಂತು, ಡೇಟಾ ದುಡ್ಡು ಆ್ಯಪ್ ಕಂಪನಿ ಕಟ್ಟುತ್ತೆ, ಗಿರಾಕಿಗೆ ಫ್ರೀ. ನಮ್ ಬೆಂಗ್ಳೂರಿನ ಫ್ಲಿಪ್‌ಕಾರ್ಟ್ ಸೇರೋಕೆ ಹೊರಟಿತ್ತು, ಜನ ಅದರ ಆ್ಯಪಿಗೆ ಒಂದೊಂದೇ ಸ್ಟಾರ್ ಕೊಟ್ಟು ಉಗಿದ್ಮೇಲೆ ಹಿಂದೆ ಸರೀತು. ತಮಾಷೆ ಏನಂದ್ರೆ 2007ರಲ್ಲಿ ಅದೇ ಫ್ಲಿಪ್‌ಕಾರ್ಟ್ ಕೋರಮಂಗಲದ ಒಂದು ಫ್ಲಾಟಲ್ಲಿ ಶುರುವಾಗಿದ್ದು, ಆಗ ಬೇರೆ ಯಾವ್ದೋ ದೊಡ್ಡ ಅಂಗಡಿ ಸೈಟು ಫ್ರೀ ಇದ್ದು ಇವ್ರದಕ್ಕೆ ಮಾತ್ರ ಡೇಟಾ ಖರ್ಚಾಗಿದ್ರೆ ಇವ್ರ ಕಡೆ ಯಾರ್ ತಿರುಗಿ ನೋಡ್ತಿದ್ರು?

ಆಮೇಲೆ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್, ಆಯ್ದ ಕೆಲವು ಸೈಟು ಮಾತ್ರ ಡೇಟಾ ಖರ್ಚಿಲ್ದೆ ಫ್ರೀ. ಏನೂ ಇಲ್ದೋರಿಗೆ ಇಷ್ಟಾದ್ರೂ ಸಿಗ್ಲಿ ಅನ್ನೋ ವಾದವನ್ನ ನಾನು ಪೂರ್ತಿ ತಳ್ಳಿಹಾಕಲ್ಲ, ಆದ್ರೆ ಆ 'ಇಷ್ಟು' ಎಷ್ಟು ಅನ್ನೋದನ್ನ ಒಂದು ಕಂಪನಿ ತೀರ್ಮಾನ ಮಾಡೋದು ಸರಿಯಿಲ್ಲ. ಇಲ್ಲಿನ ಐಐಎಸ್‌ಸಿ ಪ್ರೊಫೆಸರ್‌ಗಳೂ ವಿರೋಧಿಸಿದ್ರು. 2016ರ ಫೆಬ್ರವರಿ 8ಕ್ಕೆ ಟೆಲಿಕಾಂ ಕಂಪನಿಗಳನ್ನ ನಿಯಂತ್ರಿಸೋ ಟ್ರಾಯ್ ಸೈಟಿಗೊಂದು ರೇಟು ಮಾಡೋದನ್ನೇ ನಿಷೇಧಿಸ್ತು, ತಪ್ಪಿದ್ರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚಂದ್ರೆ 50 ಲಕ್ಷ (ಅಂಥಾ ಕಂಪನಿಗಳಿಗೆ ಇದು ಚಿಲ್ರೆ ಕಾಸು ಬಿಡಿ). ಸ್ಪೀಡ್ ಕಡಿಮೆ ಮಾಡೋದು, ಬ್ಲಾಕ್ ಮಾಡೋದರ ವಿರುದ್ಧದ ನಿಯಮಕ್ಕೆ 2018ರಲ್ಲಿ ಕೇಂದ್ರ ಒಪ್ಪಿಗೆ ಕೊಡ್ತು.

ಅಮೆರಿಕದಲ್ಲಿ ಮಾತ್ರ ಇದು ಪಾರ್ಟಿ ಜಗಳ. ಒಬಾಮಾ ಕಾಲದಲ್ಲಿ 2015ಕ್ಕೆ ಬಂದ ನಿಯಮ ಟ್ರಂಪ್ ಕಾಲದಲ್ಲಿ 2017ಕ್ಕೆ ಹೋಯ್ತು, ಬೈಡನ್ ಕಾಲದಲ್ಲಿ 2024ಕ್ಕೆ ವಾಪಸ್ ಬಂತು, 2025ರ ಜನವರಿಯಲ್ಲಿ ಕೋರ್ಟು ಅದನ್ನೂ ಹೊಡೆದುಹಾಕ್ತು.

ನಮ್ಮಲ್ಲಿ ಈಗಿನ ಹೊಸ ರಾಗ ಏನಪ್ಪಾ ಅಂದ್ರೆ, ದೊಡ್ಡ ವಿಡಿಯೋ ಕಂಪನಿಗಳು ನೆಟ್‌ವರ್ಕ್ ಖರ್ಚಲ್ಲಿ ಪಾಲು ಕೊಡ್ಬೇಕು ಅಂತ ಟೆಲಿಕಾಂನವ್ರು ಕೇಳ್ತಿದಾರೆ. ಟವರ್ ಹಾಕೋಕೆ ದುಡ್ಡು ಬೇಕು, ನಿಜ. ಆದ್ರೆ ಆ ವಿಡಿಯೋ ನೋಡೋಕೆ ನಾವು ರೀಚಾರ್ಜ್ ಮಾಡ್ಸಿ ಆಗಿದೆ, ಒಂದೇ ಜಿಬಿಗೆ ಎರಡೂ ತುದೀಲಿ ವಸೂಲಿ ಯಾಕೆ ಅಂತ ಮೊದ್ಲು ಹೇಳ್ಲಿ.