ಎಂಜಿನ್ ಬದಲಾಯಿತು, ಕ್ಲಚ್‌ಗೆ ಯಾರೂ ಹೇಳಲಿಲ್ಲ

ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿ ಗಾಲ್ಫ್ ಕಾರ್ಟ್ ಅಂದರೆ ಬರೀ ಗಾಲ್ಫ್ ಆಡುವವರ ಗಾಡಿ ಅಲ್ಲ. ಅಟ್ಲಾಂಟಾದ ದಕ್ಷಿಣಕ್ಕಿರುವ ಈ ಊರಲ್ಲಿ ಕಾರ್ಟ್ ಓಡಾಡುವ ದಾರಿಗಳೇ ಸುಮಾರು 160 ಕಿಲೋಮೀಟರ್ ಇವೆ. ಹಾಲು ತರೋಕೂ ಅದೇ, ಪಾರ್ಕಿಗೆ ಹೋಗೋಕೂ ಅದೇ. ಹೈಸ್ಕೂಲ್ ಮಕ್ಕಳು ತಾವೇ ಓಡಿಸಿಕೊಂಡು ಶಾಲೆಗೆ ಹೋಗುತ್ತಾರೆ.

ನಮ್ಮ ಭಾವ ಇರೋದು ಆ ಊರಲ್ಲಿ. ಒಂದು ಹಳೆ ಪೆಟ್ರೋಲ್ ಕಾರ್ಟ್ ತಗೊಂಡರು. ಸುಮ್ನಿರಬೇಕಲ್ಲ? ಆರು ಇಂಚು ಎತ್ತರ ಮಾಡಿಸಿ, 18 ಇಂಚಿನ ಚಕ್ರ ತೆಗೆದು 23 ಇಂಚಿನದು ಹಾಕಿಸಿದರು. ನೋಡೋಕೆ ಜೀಪಿನ ಥರ ಆಯಿತು, ಎಳೆಯೋದರಲ್ಲಿ ಎತ್ತಿನ ಗಾಡಿ ಥರ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಚಕ್ರ ದೊಡ್ಡದಾದಷ್ಟೂ ಅದೇ ಎಂಜಿನ್‌ನ ತಳ್ಳುವ ಬಲ ನೆಲ ಮುಟ್ಟುವಾಗ ಕಡಿಮೆ ಆಗುತ್ತೆ. 18ರಿಂದ 23ಕ್ಕೆ ಹೋದರೆ ಐದನೇ ಒಂದು ಪಾಲಿಗಿಂತ ಜಾಸ್ತಿ ಬಲ ಕೈಬಿಟ್ಟಂತೆ.

ಅದಕ್ಕೆ ಮದ್ದು ಅಂತ ಎಂಜಿನ್ನೇ ಬದಲಾಯಿಸಿದರು. ಮೂಲದ್ದು ಹತ್ತು ಎಚ್‌ಪಿ ಆಸುಪಾಸಿನದು. ಹೊಸದು 22 ಎಚ್‌ಪಿಯ ವಿ-ಟ್ವಿನ್, ಅಂದರೆ ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರುವಂಥದ್ದು. ಮೊದಲನೇ ಭಾನುವಾರ ಮನೆ ಮುಂದಿನ ಏರು ಹತ್ತಿಸುವಾಗ ಎಂಜಿನ್ ಅಬ್ಬರಿಸಿತು, ಗಾಡಿ ಮಾತ್ರ ತೆವಳಿತು. ಹಿಂದಿನಿಂದ ಸುಟ್ಟ ರಬ್ಬರ್ ವಾಸನೆ.

ತಪ್ಪು ಎಂಜಿನ್‌ದಲ್ಲ. ಅದರ ಪಕ್ಕದಲ್ಲಿ ಕೂತಿರುವ ಕ್ಲಚ್‌ಗೆ ಹೊಸ ಎಂಜಿನ್ ಬಂದಿರೋದು ಗೊತ್ತೇ ಇರಲಿಲ್ಲ.

ಈ ಕ್ಲಚ್ಚನ್ನು ಅರ್ಥ ಮಾಡಿಕೊಳ್ಳೋಕೆ ಜಾರ್ಜಿಯಾಕ್ಕೆ ಹೋಗಬೇಕಿಲ್ಲ. ಕೋಲಾರದ ನರಸಾಪುರದಲ್ಲಿ ತಯಾರಾಗುವ ಆಕ್ಟಿವಾದ ಎಡಬದಿಯ ಮುಚ್ಚಳ ಬಿಚ್ಚಿದರೆ ಇದರ ತಮ್ಮ ಸಿಗುತ್ತಾನೆ. ಎರಡು ಪುಲ್ಲಿ, ನಡುವೆ ದಪ್ಪನೆಯ ವಿ ಆಕಾರದ ಬೆಲ್ಟ್. ಒಂದೊಂದು ಪುಲ್ಲಿಯೂ ಎರಡು ಇಳಿಜಾರು ತಟ್ಟೆಗಳ ಜೋಡಿ. ತಟ್ಟೆಗಳು ಹತ್ತಿರ ಬಂದರೆ ನಡುವಿನ ಬೆಲ್ಟ್ ಅಂಚಿನ ಕಡೆಗೆ ಹತ್ತುತ್ತೆ, ದೂರ ಸರಿದರೆ ನಡುಭಾಗಕ್ಕೆ ಇಳಿಯುತ್ತೆ. ಎಂಜಿನ್ ಕಡೆಯ ಮುಂದಿನ ಪುಲ್ಲಿಯಲ್ಲಿ ಹತ್ತಿದಂತೆಲ್ಲ ಚಕ್ರದ ಕಡೆಯ ಹಿಂದಿನದರಲ್ಲಿ ಇಳಿಯುತ್ತೆ. ಸೈಕಲ್‌ನಲ್ಲಿ ಗೇರ್ ಬದಲಿಸಿದ ಹಾಗೇ, ಆದರೆ ಮೆಟ್ಟಿಲುಗಳಿಲ್ಲದ ಗೇರು.

ಒಂದು ವ್ಯತ್ಯಾಸ ಇದೆ. ಆಕ್ಟಿವಾದಲ್ಲಿ ಮುಂದಿನ ಪುಲ್ಲಿಗೆ ಗೇರಿನ ಕೆಲಸ ಮಾತ್ರ. ಚಕ್ರಕ್ಕೆ ಎಂಜಿನ್ನನ್ನು ಸೇರಿಸೋಕೆ ಹಿಂದೆ ಬೇರೆ ಕ್ಲಚ್ ಇರುತ್ತೆ. ಕಾರ್ಟ್‌ನಲ್ಲಿ ಎರಡೂ ಕೆಲಸ ಮುಂದಿನದರದ್ದೇ. ಗಾಡಿ ನಿಂತಾಗ ಅದರ ತಟ್ಟೆಗಳು ಅಗಲವಾಗಿ ತೆರೆದಿರುತ್ತವೆ. ಬೆಲ್ಟ್ ಸಡಿಲವಾಗಿ ನಡುವೆ ಬಿದ್ದಿರುತ್ತೆ. ಅದಕ್ಕೇ ಅಲ್ಲಿನವರು ಅದನ್ನು ಪುಲ್ಲಿ ಅನ್ನದೆ ಡ್ರೈವ್ ಕ್ಲಚ್ ಅನ್ನೋದು.

ತಟ್ಟೆಗಳನ್ನು ಹತ್ತಿರ ತರೋರು ಯಾರು? ತೂಕಗಳು. ಆಕ್ಟಿವಾದಲ್ಲಿ ಆರು ರೋಲರ್, ಕಾರ್ಟ್‌ನಲ್ಲಿ ಕೀಲು ಹಾಕಿದ ಪುಟ್ಟ ಲೋಹದ ತೋಳುಗಳು. ಎಂಜಿನ್ ತಿರುಗಿದಂತೆ ಅವು ಹೊರಕ್ಕೆ ಚಿಮ್ಮಲು ನೋಡುತ್ತವೆ, ತಟ್ಟೆಯನ್ನು ಒತ್ತುತ್ತವೆ. ನಡುವೆ ಒಂದು ಸ್ಪ್ರಿಂಗ್ ಕೂತು "ಬೇಡ, ಬೇಡ" ಅಂತ ವಾಪಸ್ ತಳ್ಳುತ್ತೆ. ಇಡೀ ಕ್ಲಚ್ ಅಂದರೆ ಈ ಎರಡರ ಜಗಳ, ಅಷ್ಟೇ. ಕಿರಾಣಿ ಅಂಗಡಿಯ ತಕ್ಕಡಿ ನೆನಪಿಸಿಕೊಳ್ಳಿ.

ಆದರೆ ಈ ತಕ್ಕಡಿಗೆ ಒಂದು ವಿಚಿತ್ರ ಗುಣ. ತೂಕ ಒತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಎಂಜಿನ್ ನಿಮಿಷಕ್ಕೆ 1,200 ಸುತ್ತಿನಿಂದ 3,600ಕ್ಕೆ ಹೋದರೆ ವೇಗ ಮೂರು ಪಟ್ಟು, ಬಲ ಒಂಬತ್ತು ಪಟ್ಟು.

ಈಗ ಭಾವನ ಗಾಡಿಗೆ ಬನ್ನಿ. 3,600 ಸುತ್ತಿನಲ್ಲಿ 22 ಎಚ್‌ಪಿ ಅಂದರೆ ಸುಮಾರು 44 ನ್ಯೂಟನ್ ಮೀಟರ್ ತಿರುಚುವ ಬಲ. ಅದೇ ಸುತ್ತಿನಲ್ಲಿ ಹತ್ತು ಎಚ್‌ಪಿಗೆ ಸುಮಾರು 20. ಬೆಲ್ಟ್ ಜಾರದಿರಬೇಕಾದರೆ ಅದನ್ನು ಎರಡು ಪಟ್ಟಿಗಿಂತ ಜಾಸ್ತಿ ಹಿಸುಕಬೇಕು. ಹಳೆ ಕ್ಲಚ್‌ನ ತೂಕಗಳೋ, ಆ ಸುತ್ತಿಗೆ ಮೊದಲು ಎಷ್ಟು ಒತ್ತುತ್ತಿದ್ದವೋ ಈಗಲೂ ಅಷ್ಟೇ. ಉಳಿದ ಬಲವೆಲ್ಲ ಬೆಲ್ಟ್ ಉಜ್ಜೋದಕ್ಕೆ, ವಾಸನೆ ಬರಿಸೋದಕ್ಕೆ.

ಹಿಂದಿನ ಪುಲ್ಲಿಯದ್ದೂ ಒಂದು ಪಾತ್ರ ಇದೆ. ಅದರಲ್ಲಿ ಓರೆಯಾದ ದಾರಿಗಳನ್ನು ಕೊರೆದಿರುತ್ತಾರೆ. ಏರಿನಲ್ಲಿ ಚಕ್ರ ಹಟ ಹಿಡಿದಾಗ ತಟ್ಟೆ ಆ ದಾರಿಯಲ್ಲಿ ಜಾರಿ ಮುಚ್ಚಿಕೊಳ್ಳುತ್ತೆ, ಬೆಲ್ಟನ್ನು ಮೇಲಕ್ಕೆ ತಳ್ಳುತ್ತೆ. ತಾನಾಗಿಯೇ ಕೆಳಗಿನ ಗೇರ್ ಬೀಳುತ್ತೆ. ನನಗೆ ಇಡೀ ಯಂತ್ರದಲ್ಲಿ ತುಂಬ ಇಷ್ಟವಾದ ಭಾಗ ಇದೇ. ಸೆನ್ಸರ್ ಇಲ್ಲ, ವೈರ್ ಇಲ್ಲ, ಬರೀ ಒಂದು ಓರೆ.

ಹಾಗಾದರೆ ಗಟ್ಟಿ ಕ್ಲಚ್ ಹಾಕಿದರೆ ಆಯಿತಲ್ವಾ? ಭಾವನೂ ಹಾಗೇ ಅಂದುಕೊಂಡು ಸ್ನೋಮೊಬೈಲ್‌ನದ್ದೊಂದು ಸೆಕೆಂಡ್ ಹ್ಯಾಂಡ್ ಕ್ಲಚ್ ತಂದರು. ಹಿಮದ ಮೇಲೆ ಓಡುವ ಆ ಗಾಡಿಗಳ ಶಕ್ತಿಯ ಮುಂದೆ 22 ಎಚ್‌ಪಿ ಏನೂ ಅಲ್ಲ.

ಹಳೆಯದನ್ನು ಬಿಚ್ಚಿದ್ದೇ ಒಂದು ಕಥೆ. ಕ್ಲಚ್ ಕೂತಿರೋದು ಸಣ್ಣಗಾಗುತ್ತ ಹೋಗುವ ಶಾಫ್ಟಿನ ಮೇಲೆ. ವರ್ಷಗಟ್ಟಲೆ ಕಚ್ಚಿಕೊಂಡಿರುತ್ತೆ. ಸುತ್ತಿಗೆಯಲ್ಲಿ ಹೊಡೆದರೆ ತಟ್ಟೆ ಸೊಟ್ಟ. ನಡುವಿನ ತೂತಿಗೆ ಗ್ರೀಸ್ ತುಂಬಿ, ಎಳೆಯುವ ಬೋಲ್ಟಿನ ಎಳೆಗಳಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿ ತಿರುಗಿಸಬೇಕು. ಗ್ರೀಸ್‌ಗೆ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. ಒತ್ತಡ ಏರುತ್ತ ಹೋಗಿ, "ಟಪ್" ಅಂತ ಒಂದು ಸದ್ದು. ಕ್ಲಚ್ ಕೈಗೆ ಬಂತು. ಹೊಸದನ್ನು ಹಾಕುವಾಗ ಮಾತ್ರ ಶಾಫ್ಟಿನ ಮೇಲೆ ಎಣ್ಣೆಯ ಪಸೆಯೂ ಇರಕೂಡದು.

ಹಾಕಿದ್ದಾಯಿತು. ಪೆಡಲ್ ಒತ್ತಿದರು. ಎಂಜಿನ್ ಕಿರುಚಿತು. ಗಾಡಿ ನಡುಗಿತು, ಒಂದಿಂಚೂ ಕದಲಲಿಲ್ಲ.

ಸ್ನೋಮೊಬೈಲ್ ಎಂಜಿನ್ ಏಳೆಂಟು ಸಾವಿರ ಸುತ್ತಿನಲ್ಲಿ ಕೆಲಸ ಮಾಡುವಂಥದ್ದು. ಅದರ ಕ್ಲಚ್ ಬೆಲ್ಟನ್ನು ಹಿಡಿಯೋದೇ ಮೂರೂವರೆ ನಾಲ್ಕು ಸಾವಿರ ದಾಟಿದ ಮೇಲೆ. ಭಾವನ ಎಂಜಿನ್‌ನ ಗವರ್ನರ್, ಅಂದರೆ ಅದು ಮಿತಿ ಮೀರಿ ತಿರುಗದಂತೆ ಕಾಯುವ ಭಾಗ, 3,600ರ ಹತ್ತಿರ ಅದನ್ನು ತಡೆದು ನಿಲ್ಲಿಸುತ್ತೆ. (ಅಲ್ಲಿನ ಇಂಥ ಎಂಜಿನ್‌ಗಳಿಗೆಲ್ಲ ಈ 3,600 ಯಾಕೆ ಅಂದರೆ, ಅವೇ ಜನರೇಟರ್ ಕೂಡ ಓಡಿಸುತ್ತವೆ. ಅಮೆರಿಕದ ಕರೆಂಟು 60 ಹರ್ಟ್ಸ್. ಸೆಕೆಂಡಿಗೆ 60 ಅಂದರೆ ನಿಮಿಷಕ್ಕೆ 3,600. ನಮ್ಮ 50 ಹರ್ಟ್ಸ್‌ಗೆ 3,000 ಸಾಕು.) ಒಬ್ಬ ಬಾಗಿಲು ತಟ್ಟಿ ಹೊರಟ ಮೇಲೆ ಇನ್ನೊಬ್ಬ ಎದ್ದು ಬಂದ ಹಾಗಾಯಿತು.

ಇಲ್ಲಿಂದ ಮುಂದೆ ಅಂಗಡಿಯಲ್ಲಿ ಸಿಗದ ಕೆಲಸ. ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಬೆಲ್ಟ್ ಬೇಗ ಹಿಡಿಯುತ್ತೆ. ಭಾರದ ತೂಕ ಹಾಕಿದರೆ ಕಡಿಮೆ ಸುತ್ತಿನಲ್ಲೂ ಚೆನ್ನಾಗಿ ಹಿಸುಕುತ್ತೆ. ಜೋರಾದ ಎಂಜಿನ್ ಕೇಳೋದು ಇದನ್ನೇ. ಆದರೆ ತೂಕ ಜಾಸ್ತಿಯಾದರೆ ಬೆಲ್ಟ್ ಅವಸರಪಟ್ಟು ಮೇಲೆ ಹತ್ತುತ್ತೆ, ಎಂಜಿನ್ ಉಸಿರು ಕಟ್ಟಿದಂತೆ ಕೆಳಗಿಳಿಯುತ್ತೆ, ಪಿಕಪ್ ಹೋಗುತ್ತೆ. ದೊಡ್ಡ ಚಕ್ರಕ್ಕೆ ಬೇಕಾಗಿರೋದು ಇದರ ಉಲ್ಟಾ: ಹಗುರ ತೂಕ, ತಡವಾಗಿ ಬದಲಾಗುವ ಗೇರು. ಭಾವ ಮಾಡಿದ ಎರಡು ಬದಲಾವಣೆಗಳು ಕ್ಲಚ್ಚನ್ನು ಎರಡು ಕಡೆಗೆ ಎಳೆಯುತ್ತಿದ್ದವು.

ಇದನ್ನು ಅಳೆಯೋಕೆ ದುಬಾರಿ ಯಂತ್ರ ಬೇಡ, ಒಂದು ಮಾರ್ಕರ್ ಪೆನ್ ಸಾಕು. ಮುಂದಿನ ಪುಲ್ಲಿಯ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಒಂದು ಗೆರೆ ಎಳೆಯಿರಿ. ಒಂದು ರೌಂಡ್ ಜೋರಾಗಿ ಓಡಿಸಿ ಬನ್ನಿ. ಬೆಲ್ಟ್ ಎಲ್ಲಿಯವರೆಗೆ ಹತ್ತಿತ್ತೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತೆ. ಆಕ್ಟಿವಾದಲ್ಲೂ ಇದು ನಡೆಯುತ್ತೆ.

ಮೊದಲ ಸಲ ನೋಡಿದಾಗ ಭಾವನ ಗೆರೆ ಅರ್ಧವೂ ಅಳಿಸಿರಲಿಲ್ಲ. ನಾಲ್ಕು ಸಲ ಬಿಚ್ಚಿ, ಎರಡು ಸ್ಪ್ರಿಂಗ್, ಮೂರು ಜೊತೆ ತೂಕ ಬದಲಿಸಿದ ಮೇಲೆ ಏರು ಸಲೀಸಾಗಿ ಹತ್ತಿತು. ವಾಸನೆ ಇಲ್ಲ. ಗೆರೆಯಲ್ಲಿ ಅಂಚಿನ ಹತ್ತಿರ ಒಂದು ಬೆರಳಗಲ ಮಾತ್ರ ಉಳಿದಿತ್ತು.

ಭಾವ ಆ ಬೆರಳಗಲವನ್ನೇ ಸ್ವಲ್ಪ ಹೊತ್ತು ನೋಡಿದರು. ಗವರ್ನರ್ ಬಿಚ್ಚಿದರೆ ಅದೂ ಅಳಿಸುತ್ತೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ದಾಟುವ ಗಾಡಿಗೆ ಅಮೆರಿಕದ 1998ರ ನಿಯಮ ಸೀಟ್ ಬೆಲ್ಟ್, ದೀಪ, ಕನ್ನಡಿ ಎಲ್ಲ ಕೇಳುತ್ತೆ. ಇದರಲ್ಲಿ ಅವು ಯಾವುವೂ ಇಲ್ಲ. ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಅಂತ ಅಕ್ಕ ಬಾಗಿಲಲ್ಲಿ ನಿಂತುಕೊಂಡೇ ನೆನಪಿಸಿದಳು. ಭಾವ ಪೆನ್ನಿಗೆ ಕ್ಯಾಪ್ ಹಾಕಿದರು.